ತಾಳ್ಮೆ ಎಂದು ಎಲ್ಲಿ ಬರೆಯಬೇಕು, ಎಲ್ಲಿ ಬೇಡ

ಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವನು ನಾನು. ನನ್ನ ಕೆಂಪು ಶಾಯಿ ಕಾಗುಣಿತಕ್ಕಿಂತ ಹೆಚ್ಚು ಖರ್ಚಾದದ್ದು ಅಣ್ಣತಮ್ಮಂದಿರಂತೆ ಕಾಣುವ ಪದಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದಕ್ಕೆ.

ಜಾಣನಿಂದ ಜಾಣ್ಮೆ ಹುಟ್ಟಿದಂತೆ ತಾಳುವುದರಿಂದ ತಾಳ್ಮೆ. ತೂಕ ತಾಳುವ ಹಗ್ಗ, ಮಳೆಗಾಲ ತಾಳುವ ಸೂರು, ತಾಳಿಕೆ ಬರುವ ಬಟ್ಟೆ, 'ಒಂದು ನಿಮಿಷ ತಾಳಿ' ಎನ್ನುವ ಅಂಗಡಿಯವರು, ಎಲ್ಲವೂ ಅದೇ ಸಂಸಾರ. ಆದ್ದರಿಂದ ವಾಕ್ಯವನ್ನು 'ಎಷ್ಟು ಹೊತ್ತು?' ಎಂದು ಕೇಳಿ ನೋಡಿ. ಪ್ರಶ್ನೆ ಹೊಂದಿಕೊಂಡರೆ ತಾಳ್ಮೆ ಎಂದೇ ಬರೆಯಿರಿ. ದಾರದ ಗಂಟು ಬಿಡಿಸುವುದಕ್ಕೆ, ಮಗುವಿಗೆ ಮಗ್ಗಿ ಕಲಿಸುವುದಕ್ಕೆ ಬೇಕಾದದ್ದು ಅದು. 'ಮೌನ ತಾಳಿದರು', 'ಕಠಿಣ ನಿಲುವು ತಾಳಿದರು' ಎಂಬಲ್ಲಿ ಮಾತ್ರ ತಾಳ್ಮೆ ಹುಡುಕಬೇಡಿ. ಅಲ್ಲಿ ತಾಳುವುದೆಂದರೆ ಹೊಂದುವುದು, ಅಷ್ಟೇ.

'ಏನನ್ನು?' ಎಂಬ ಪ್ರಶ್ನೆ ಎದ್ದರೆ ಸಹನೆ. ಪಕ್ಕದ ಮನೆಯ ಧ್ವನಿವರ್ಧಕಕ್ಕೆ, ಮೇಲಧಿಕಾರಿಯ ಕೊಂಕು ಮಾತಿಗೆ ಸಹನೆ ಬೇಕು. ಇದರ ಬಂಧುವೊಂದು ದಾರಿ ತಪ್ಪಿದೆ. ಸಂಸ್ಕೃತದಲ್ಲಿ ಸಹಿಸಲಾಗದ್ದೆಲ್ಲ ಅಸಹ್ಯ. ಕನ್ನಡದಲ್ಲಿ ಅದು ಹೇಸಿಗೆಯಾಗಿ ನಿಂತಿದೆ. 'ಅಸಹ್ಯ ನೋವು' ಎಂದರೆ ಓದುಗ ಮೂಗು ಮುಚ್ಚಿಕೊಂಡಾನು. 'ಅಸಹನೀಯ ನೋವು' ಎನ್ನಿ.

ಸಹಿಷ್ಣುತೆಯನ್ನು ಮತ, ಪಂಥ, ಅಭಿಪ್ರಾಯಗಳ ಭೇದಕ್ಕೆ ಮೀಸಲಿಡಿ. ಒಬ್ಬ ವರದಿಗಾರ ಪಡಿತರದ ಸಾಲಿನಲ್ಲಿ ನಿಂತವರ ಸಹಿಷ್ಣುತೆಯನ್ನು ಹೊಗಳಿದ್ದ. ಆ ಸಾಲಿನಲ್ಲಿದ್ದದ್ದು ಬಿಸಿಲು, ಪರಮತವಲ್ಲ.

ಸೈರಣೆ ನನಗೆ ಪ್ರಿಯವಾದ ಪದ. ಅದರಲ್ಲಿ ತಾಳುವುದರ ಜೊತೆಗೆ ಮನ್ನಿಸುವುದೂ ಇದೆ. ನಾನು ಕಲ್ಲೆಸೆದು ನೆರೆಮನೆಯ ಹೆಂಚು ಒಡೆದಾಗ ಅಜ್ಜಿ ಅವರ ಅಂಗಳದಲ್ಲಿ ನಿಂತು, "ಚಿಕ್ಕವನು, ಸೈರಿಸಿಕೊಳ್ಳಿ" ಎಂದಿದ್ದರು. ಅಲ್ಲಿ 'ತಾಳಿಕೊಳ್ಳಿ' ಎಂದಿದ್ದರೆ ಇನ್ನೂ ನಾಲ್ಕು ಹೆಂಚು ಒಡೆಯುವುದು ಬಾಕಿ ಇದೆ ಎಂದಾಗುತ್ತಿತ್ತು.

ಕಳೆದುಕೊಳ್ಳುವ ಬಗೆಯಲ್ಲೂ ವ್ಯತ್ಯಾಸವಿದೆ: ತಾಳ್ಮೆ ಕೆಡುತ್ತದೆ, ಸಹನೆ ಮೀರುತ್ತದೆ. ಕಟ್ಟೆ ಮಾತ್ರ ಎರಡಕ್ಕೂ ಒಡೆಯುತ್ತದೆ.

ಇನ್ನು 'ಸಹನಾಮೂರ್ತಿ'. ಶ್ರದ್ಧಾಂಜಲಿಗಳಲ್ಲಿ ಗಂಡಸರೆಲ್ಲ ಸಮಾಜಸೇವಕರು, ಹೆಂಗಸರೆಲ್ಲ ಸಹನಾಮೂರ್ತಿಗಳು. ಬರೆಯುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ಒಮ್ಮೆ ಮಗಳೊಬ್ಬಳು ಕರಡು ನೋಡಿ ಅಳುವಿನ ನಡುವೆಯೇ ನಕ್ಕಳು. "ನಮ್ಮಮ್ಮನಿಗೆ ಮೂಗಿನ ತುದಿಯಲ್ಲೇ ಕೋಪವಿತ್ತು ಸರ್. ಇದನ್ನು ತೆಗೆದು, ಹಲಸಿನ ಹಪ್ಪಳ ಚೆನ್ನಾಗಿ ಮಾಡುತ್ತಿದ್ದರು ಎಂದು ಹಾಕಿ." ಹಾಗೆಯೇ ಅಚ್ಚಾಯಿತು.