ಮೀಟಿಂಗ್ ಮುಂದಕ್ಕೆ ಹೋಯಿತಾ, ಹಿಂದಕ್ಕೆ ಬಂತಾ? ಲೇಟಾದಾಗ ಬೇಕಾಗುವ ಇಂಗ್ಲಿಷ್

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರಿಗೆ ಇಂಗ್ಲಿಷ್‌ನಲ್ಲಿ ಬೇರೇನು ಬರಲಿ ಬಿಡಲಿ, ಲೇಟಾಗಿದೆ ಅಂತ ಹೇಳುವುದಕ್ಕಂತೂ ಬರಲೇಬೇಕು. ಸುಮಾರು ಎಪ್ಪತ್ತು ಕಿಲೋಮೀಟರ್ ದಾರಿ. ಯಶವಂತಪುರ ಬರುವ ಮೊದಲು ಎಲ್ಲಾದರೂ ಸಿಗ್ನಲ್ ಸಿಗದೆ ಗಾಡಿ ನಿಂತಿತೋ, ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಏನಾದರೂ ಟೈಪ್ ಮಾಡಬೇಕು. ಬಸ್ಸಿನವರ ಪಾಡೂ ಅಷ್ಟೇ, ಕೆಲವು ದಿನ ನೆಲಮಂಗಲ ದಾಟುವಷ್ಟರಲ್ಲಿ ಸಾಕುಸಾಕಾಗಿರುತ್ತದೆ.

ಆಗ ಸುಮಾರು ಜನ ಕಳಿಸುವ ಮೆಸೇಜು ‘ಸರ್, ಇಟ್ ವಿಲ್ ಬಿಕಮ್ ಲೇಟ್’. ‘ಲೇಟಾಗುತ್ತೆ’ ಅನ್ನುವುದನ್ನು ಹಾಗೇ ಎತ್ತಿ ಇಟ್ಟದ್ದು. ಅರ್ಥವೇನೋ ಆಗುತ್ತದೆ, ಆದರೆ ಇಂಗ್ಲಿಷಿನವರ ಪ್ರಕಾರ ಲೇಟಾಗುವವರು ನೀವು. ಅದಕ್ಕೇ ‘ಐ ವಿಲ್ ಬಿ ಲೇಟ್’ ಅನ್ನಿ. ಆಗಲೇ ದಾರಿಯಲ್ಲಿದ್ದು ಹೊತ್ತು ಮೀರುತ್ತಿದ್ದರೆ ‘ಐ ಆಮ್ ರನ್ನಿಂಗ್ ಲೇಟ್’. ಇದಕ್ಕೆ ನೀವು ಓಡುತ್ತಲೇ ಇರಬೇಕು ಅಂತೇನಿಲ್ಲ, ಕಿಟಕಿ ಪಕ್ಕ ಕೂತು ಕಡ್ಲೆಕಾಯಿ ತಿನ್ನುತ್ತಿದ್ದರೂ ಇದೇ ಮಾತು. ‘ಇಟ್ ಈಸ್ ಗೆಟ್ಟಿಂಗ್ ಲೇಟ್’ ಅನ್ನುವುದು ಬೇರೆ. ಅದನ್ನು ಸಂಜೆ ನೆಂಟರ ಮನೆಯಲ್ಲಿ ಹೇಳಬಹುದು, ಹೊತ್ತಾಯಿತು, ಇನ್ನು ಹೊರಡುತ್ತೇವೆ ಅನ್ನುವ ಅರ್ಥದಲ್ಲಿ.

ಎಷ್ಟು ಲೇಟು ಅನ್ನುವುದನ್ನು ಮೊದಲೇ ಹೇಳಿಬಿಡಿ: ‘ಐ ವಿಲ್ ಬಿ ಟ್ವೆಂಟಿ ಮಿನಿಟ್ಸ್ ಲೇಟ್’. ಆಮೇಲೆ ಕಾರಣ, ಅದೂ ಒಂದೇ ಸಾಲು. ‘ಮೈ ಟ್ರೇನ್ ಈಸ್ ಡಿಲೇಡ್’, ‘ಐ ಆಮ್ ಸ್ಟಕ್ ಇನ್ ಟ್ರಾಫಿಕ್’. ಬ್ಯಾಂಕಿನಲ್ಲೋ ಮಗುವಿನ ಸ್ಕೂಲಿನಲ್ಲೋ ಕೆಲಸ ಮುಗಿಯದೆ ತಡವಾದರೆ ‘ಐ ಗಾಟ್ ಹೆಲ್ಡ್ ಅಪ್ ಅಟ್ ದಿ ಬ್ಯಾಂಕ್’. ಎಚ್ಚರವೇ ಆಗದೆ ಮಲಗಿಬಿಟ್ಟಿದ್ದರೆ ‘ಐ ಓವರ್‌ಸ್ಲೆಪ್ಟ್’, ಹೇಳುವ ಧೈರ್ಯ ಇದ್ದರೆ. ಕೊನೆಯಲ್ಲಿ ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದು: ‘ಐ ಶುಡ್ ಬಿ ದೇರ್ ಬೈ ಟೆನ್ ಥರ್ಟಿ’. ನನ್ನನ್ನು ಕೇಳಿದರೆ ಕಾರಣಕ್ಕಿಂತ ಈ ಸಾಲೇ ಮುಖ್ಯ. ಕಾಯುತ್ತಾ ಕೂತವರಿಗೆ ಸಿಗ್ನಲ್ ಕಥೆ ಯಾಕೆ ಬೇಕು?

ಕ್ಷಮೆ ಕೇಳುವುದಕ್ಕೆ ಸ್ಟೇಷನ್ನಿನ ಮೈಕಿನಿಂದ ಇಂಗ್ಲಿಷ್ ಕಲಿಯಬೇಡಿ. ‘ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ಅಂತ ರೈಲ್ವೆಯವರು ಹೇಳಿದರೆ ಸರಿ, ನೀವು ಬರೆದರೆ ತಮಾಷೆ ಮಾಡುತ್ತಿದ್ದೀರಿ ಅಂದುಕೊಳ್ಳುತ್ತಾರೆ. ‘ಸಾರಿ ಐ ಆಮ್ ಲೇಟ್’ ಸಾಕು. ಮೇಲ್‌ಗೆ ತಡವಾಗಿ ಉತ್ತರ ಕೊಡುತ್ತಿದ್ದರೆ ‘ಸಾರಿ ಫಾರ್ ದಿ ಡಿಲೇ’.

ಕಾದು ಕಾದು ಸಿಟ್ಟು ಬಂದವರು ನೀವೇ ಆಗಿದ್ದರೆ, ‘ಐ ಆಮ್ ವೇಟಿಂಗ್ ಸಿನ್ಸ್ ಟೂ ಅವರ್ಸ್’ ಅನ್ನಬೇಡಿ. ‘ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಟೂ ಅವರ್ಸ್’ ಅನ್ನಿ. ಒಂಬತ್ತು ಗಂಟೆಯಿಂದ ಅನ್ನುವುದಾದರೆ ಮಾತ್ರ ‘ಸಿನ್ಸ್ ನೈನ್’.

ಲೇಟ್ ಅನ್ನುವ ಪದವನ್ನು ಮನುಷ್ಯರ ಹೆಸರಿನ ಹಿಂದೆ ಹಾಕುವಾಗ ಸ್ವಲ್ಪ ಹುಷಾರು. ಮದುವೆ ಕಾರ್ಡಿನಲ್ಲಿ ‘ಲೇಟ್’ ಅಂತ ಯಾರ ಹೆಸರಿಗೆ ಹಾಕುತ್ತಾರೆ ಗೊತ್ತಲ್ವಾ? ‘ಮೈ ಲೇಟ್ ಮ್ಯಾನೇಜರ್’ ಅಂದರೆ ಆ ಪುಣ್ಯಾತ್ಮರು ತೀರಿಕೊಂಡಿದ್ದಾರೆ ಅಂತಲೇ ಅರ್ಥ. ದಿನಾ ತಡವಾಗಿ ಬರುವ ಮ್ಯಾನೇಜರ್ ಆದರೆ ‘ಹಿ ಈಸ್ ಆಲ್ವೇಸ್ ಲೇಟ್’. ‘ಲೇಟ್ಲಿ’ಗೂ ತಡಕ್ಕೂ ಸಂಬಂಧ ಇಲ್ಲ, ಅದು ಇತ್ತೀಚೆಗೆ.

ಇನ್ನು ನಮ್ಮವರು ನಿಜವಾಗಿ ಎಡವುವ ಜಾಗ, ಮುಂದೂಡುವುದು. ಕನ್ನಡದಲ್ಲಿ ಮೀಟಿಂಗ್ ಮುಂದಕ್ಕೆ ಹೋಯಿತು ಅಂದರೆ ತಡವಾಗಿ ನಡೆಯುತ್ತದೆ ಅಂತ. ಮದುವೆ ಮುಂದಕ್ಕೆ ಹಾಕಿದರು, ಪರೀಕ್ಷೆ ಮುಂದೂಡಿದರು, ಎಲ್ಲಾ ಹಾಗೇ. ಇಂಗ್ಲಿಷಿನ ದಿಕ್ಕು ಉಲ್ಟಾ. ‘ಪುಷ್ ಬ್ಯಾಕ್’ ಅಂದರೆ ತಡ ಮಾಡುವುದು, ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಮಾಡುವುದು. ಬುಧವಾರದ ಮೀಟಿಂಗನ್ನು ‘ಪುಷ್ಡ್ ಬ್ಯಾಕ್ ಬೈ ಟೂ ಡೇಸ್’ ಅಂತ ಬರೆದಿದ್ದರೆ ಅದು ಶುಕ್ರವಾರ. ಬ್ಯಾಕ್ ಅಂದರೆ ಹಿಂದೆ ತಾನೆ ಅಂತ ಕನ್ನಡದಲ್ಲಿ ಯೋಚನೆ ಮಾಡಿದವರು ಸೋಮವಾರ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆಗೆದು ಕೂತಿರುತ್ತಾರೆ. ಅದಕ್ಕಿಂತ ಕಷ್ಟ ನಾವೇ ‘ವಿ ಮೂವ್ಡ್ ದಿ ಮೀಟಿಂಗ್ ಫಾರ್ವರ್ಡ್’ ಅಂತ ಬರೆದಾಗ. ನಾವು ಮುಂದಕ್ಕೆ ಹಾಕಿದ್ದೇವೆ ಅಂತ ಹೇಳಿದ್ದು, ಅವರು ಬೇಗ ಇಟ್ಟಿದ್ದಾರೆ ಅಂತ ಓದಿದ್ದು.

ಹಾಗಂತ ನಮ್ಮ ಇಂಗ್ಲಿಷ್ ಸರಿ ಇಲ್ಲ ಅಂತ ಕೊರಗುವುದು ಬೇಡ. ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ, ಈಗ ಅದು ಯಾವತ್ತು ಅಂತ ಮನೋವಿಜ್ಞಾನಿಗಳು ಇಂಗ್ಲಿಷ್ ಮಾತನಾಡುವವರನ್ನೇ ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಅದಕ್ಕೇ ಹೇಳುವುದು, ದಿಕ್ಕನ್ನು ನಂಬಬೇಡಿ, ದಿನ ಬರೆಯಿರಿ. ‘ದಿ ಮೀಟಿಂಗ್ ಹ್ಯಾಸ್ ಬೀನ್ ಮೂವ್ಡ್ ಫ್ರಮ್ ವೆಡ್ನೆಸ್‌ಡೇ ಟು ಫ್ರೈಡೇ’. ಇದನ್ನು ಯಾರೂ ತಪ್ಪಾಗಿ ಓದುವುದಕ್ಕೆ ಆಗುವುದಿಲ್ಲ. ಸಮಯ ಬದಲಾಗಿದೆ ಅಂತಷ್ಟೇ ಹೇಳುವುದಿದ್ದರೆ ‘ರೀಶೆಡ್ಯೂಲ್’ ಕೂಡ ಒಳ್ಳೆಯದು, ಹಿಂದೆ ಮುಂದೆ ರಗಳೆ ಇಲ್ಲ.

‘ಪೋಸ್ಟ್‌ಪೋನ್’ ಎಲ್ಲರಿಗೂ ಗೊತ್ತಿರುವ ಪದ. ಜೊತೆಗೆ ಬರುವ ಚಿಕ್ಕ ಪದದ ಕಡೆ ಗಮನ ಕೊಡಿ: ‘ಪೋಸ್ಟ್‌ಪೋನ್ಡ್ ಟು ಫ್ರೈಡೇ’ ಅಂದರೆ ಶುಕ್ರವಾರಕ್ಕೆ, ‘ಪೋಸ್ಟ್‌ಪೋನ್ಡ್ ಬೈ ಟೂ ಡೇಸ್’ ಅಂದರೆ ಎರಡು ದಿನ. ಅದರ ಉಲ್ಟಾ, ಅಂದರೆ ಮೊದಲಿಗಿಂತ ಬೇಗ ಇಡುವುದಕ್ಕೆ ‘ಪ್ರಿಪೋನ್’ ಅನ್ನುವುದು ನಮ್ಮ ದೇಶದಲ್ಲಿ ಧಾರಾಳವಾಗಿ ನಡೆಯುತ್ತದೆ, ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಭಾರತದ ಇಂಗ್ಲಿಷ್ ಅಂತ ಜಾಗ ಸಿಕ್ಕಿದೆ. ಆದರೆ ಕ್ಲೈಂಟ್ ಲಂಡನ್ನಿನವರೋ ಅಮೆರಿಕದವರೋ ಆದರೆ ಕಣ್ಣು ಕಣ್ಣು ಬಿಡಬಹುದು. ಅವರ ಹತ್ತಿರ ‘ಕ್ಯಾನ್ ವಿ ಮೀಟ್ ಅರ್ಲಿಯರ್, ಆನ್ ಮಂಡೇ?’ ಅಂತ ಕೇಳಿ.

ಮಾತಿನಲ್ಲಿ ಪೋಸ್ಟ್‌ಪೋನ್ ಬದಲು ‘ಪುಟ್ ಆಫ್’ ಜಾಸ್ತಿ ಬಳಸುತ್ತಾರೆ. ನಾಳೆ ನಾಡಿದ್ದು ಅಂತ ತಳ್ಳುತ್ತಾ ಬಂದ ಹಲ್ಲಿನ ಡಾಕ್ಟರ್ ವಿಷಯಕ್ಕೆ ಇದು ಹೇಳಿ ಮಾಡಿಸಿದ್ದು: ‘ಐ ಕೀಪ್ ಪುಟ್ಟಿಂಗ್ ಆಫ್ ಗೋಯಿಂಗ್ ಟು ದಿ ಡೆಂಟಿಸ್ಟ್’. ಅಲ್ಲಿ ‘ಟು ಗೋ’ ಬರುವುದಿಲ್ಲ, ‘ಗೋಯಿಂಗ್’ ಬರುತ್ತದೆ. ‘ಕಾಲ್ ಆಫ್’ ಕೇಳುವುದಕ್ಕೆ ಹತ್ತಿರದ್ದು ಅನ್ನಿಸಿದರೂ ಅದು ರದ್ದು ಮಾಡುವುದು. ಕೊರೊನಾ ಕಾಲದ ಆಟಗಳನ್ನು ನೆನಪು ಮಾಡಿಕೊಂಡರೆ ಈ ವ್ಯತ್ಯಾಸ ಸುಲಭ. ಟೋಕಿಯೋ ಒಲಿಂಪಿಕ್ಸ್ 2020ರಲ್ಲಿ ನಡೆಯಬೇಕಿತ್ತು, 2021ಕ್ಕೆ ‘ಪುಟ್ ಆಫ್’ ಆಯಿತು. ಅದೇ 2020ರ ವಿಂಬಲ್ಡನ್ ‘ಕಾಲ್ಡ್ ಆಫ್’, ಆ ವರ್ಷ ನಡೆಯಲೇ ಇಲ್ಲ. 2021ರ ಐಪಿಎಲ್ ಮೇ ತಿಂಗಳಲ್ಲಿ ಅರ್ಧಕ್ಕೇ ನಿಂತು ಸೆಪ್ಟೆಂಬರ್‌ನಲ್ಲಿ ಯುಎಇಯಲ್ಲಿ ಮತ್ತೆ ಶುರುವಾಯಿತಲ್ಲ, ಹಾಗೆ ಮಧ್ಯದಲ್ಲಿ ನಿಲ್ಲಿಸುವುದು ‘ಸಸ್ಪೆಂಡ್’.

ಕೋರ್ಟಿನಲ್ಲಿ ಮುಂದಿನ ಡೇಟ್ ಕೊಟ್ಟರೆ ಅದು ‘ಅಡ್ಜರ್ನ್’. ಸಾಲದ ಕಂತು ಕಟ್ಟಬೇಕಾದ ದಿನ ‘ಡ್ಯೂ ಡೇಟ್’, ಅದು ದಾಟಿದರೆ ‘ಓವರ್‌ಡ್ಯೂ’. ಆಫೀಸಿನಲ್ಲಿ ಕೆಲಸಕ್ಕೆ ಕೊಟ್ಟ ಗಡುವು ‘ಡೆಡ್‌ಲೈನ್’, ಇನ್ನೂ ಸ್ವಲ್ಪ ದಿನ ಬೇಕಾದರೆ ‘ಕುಡ್ ಐ ಹ್ಯಾವ್ ಎ ಟೂ ಡೇ ಎಕ್ಸ್‌ಟೆನ್ಷನ್?’

ಗಡುವಿನ ಮಾತು ಬಂದಾಗ ‘ಬೈ’ ಮತ್ತು ‘ಅಂಟಿಲ್’ ಕಲಸಿಹೋಗುತ್ತವೆ. ಇಲ್ಲಿ ಮಾತ್ರ ಕನ್ನಡ ಸಹಾಯಕ್ಕೆ ಬರುತ್ತದೆ. ‘ಒಳಗೆ’ ಅನ್ನುವ ಕಡೆ ‘ಬೈ’, ‘ವರೆಗೆ’ ಅನ್ನುವ ಕಡೆ ‘ಅಂಟಿಲ್’. ಸೋಮವಾರದ ಒಳಗೆ ಕಳಿಸುತ್ತೇನೆ, ‘ಐ ವಿಲ್ ಸೆಂಡ್ ಇಟ್ ಬೈ ಮಂಡೇ’. ಸೋಮವಾರದವರೆಗೆ ಊರಲ್ಲೇ ಇರುತ್ತೇನೆ, ‘ಐ ವಿಲ್ ಬಿ ಇನ್ ತುಮಕೂರು ಅಂಟಿಲ್ ಮಂಡೇ’.