ಮೆಕ್ ಮಾಡ್ ಸವೆಯುವುದು ಕೊಳವೆಯಲ್ಲಲ್ಲ, ಕೂಡುವ ಜಾಗಗಳಲ್ಲಿ

ಮೆಕ್ಯಾನಿಕಲ್ ಮಾಡ್ (ಇ-ಸಿಗರೇಟಿನ ಬ್ಯಾಟರಿ ಸೆಲ್ ಕೂರುವ ಲೋಹದ ಕೊಳವೆ) ಬೇಕೆಂದು ಬರುವವರು ಮೊದಲು ಕೇಳುವುದು ಲೋಹದ ವಿಚಾರ. ತಾಮ್ರ ಒಳ್ಳೆಯದೋ, ಹಿತ್ತಾಳೆಯೋ, ಸ್ಟೀಲೋ? ಲೇತ್ ಮೇಲೆ ಇವನ್ನು ಕಡೆಯುತ್ತ, ಹಳೆಯವನ್ನು ಬಿಚ್ಚಿ ರಿಪೇರಿ ಮಾಡುತ್ತ ಬಂದವನಾಗಿ ಹೇಳುತ್ತೇನೆ: ಕೊಳವೆಯೇ ಕೈಕೊಟ್ಟದ್ದನ್ನು ನಾನು ನೋಡಿದ್ದು ಅಪರೂಪ. ಕೈಕೊಡುವುದು ಸ್ವಿಚ್ಚು, ಥ್ರೆಡ್ಡು, ಪಿನ್ನಿನ ಸುತ್ತ ಕೂತಿರುವ ಪ್ಲಾಸ್ಟಿಕ್ ಬಳೆ.

2008ರಲ್ಲಿ ಬ್ರಿಟನ್ನಿನ ಟೆಡ್ ಮತ್ತು ಮ್ಯಾಟ್ ರಾಜರ್ಸ್ 'ಸ್ಕ್ರೂಡ್ರೈವರ್' ಎಂಬ ಮಾಡ್ ತಂದ ಮೇಲೆ ಈ ಸಾಧನಗಳ ರೂಪ ನೂರು ಬಗೆಯಲ್ಲಿ ಬದಲಾಗಿದೆ. ಮೆಕ್ ಮಾಡ್‌ನ ತಿರುಳು ಮಾತ್ರ ಒಂದೇ. ಒಳಗೆ ಚಿಪ್ ಇಲ್ಲ, ವೈರ್ ಕೂಡ ಇಲ್ಲ. ಸೆಲ್ಲಿನ ಪಾಸಿಟಿವ್ ತುದಿಯಿಂದ ಹೊರಟ ಕರೆಂಟು ಪಿನ್ ಹಾದು ಕಾಯಿಲ್‌ಗೆ, ಅಂದರೆ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿಗೆ ಹೋಗುತ್ತದೆ, ಆ ಕಾಯಿಲ್ ಕೂತಿರುವ ಮೇಲ್ಭಾಗವಾದ ಅಟೊಮೈಸರ್‌ನ 510 ಎಂಬ ಅಳತೆಯ ಥ್ರೆಡ್ಡಿನಿಂದ ಕೊಳವೆಗೆ ಇಳಿಯುತ್ತದೆ, ಕೊಳವೆಯ ಮೈಯಲ್ಲೇ ಹರಿದು ಕೆಳಗಿನ ಸ್ವಿಚ್ಚಿಗೆ ಬಂದು ಸೆಲ್ಲಿನ ನೆಗೆಟಿವ್ ಮುಟ್ಟುತ್ತದೆ. ಕೈಯಲ್ಲಿ ಹಿಡಿದ ಲೋಹವೇ ಇಲ್ಲಿ ವೈರು. ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ, ಸೆಲ್ ಖಾಲಿಯಾದರೆ ನಿಲ್ಲಿಸುವವರೂ ಇಲ್ಲ. ಚಿಪ್ ಮಾಡಬೇಕಾದ ಕಾವಲನ್ನೆಲ್ಲ ಲೋಹದ ಆಕಾರ ಮತ್ತು ಬಳಸುವವರ ಲೆಕ್ಕಾಚಾರ ಮಾಡಬೇಕು.

ಲೋಹದ ಜಗಳವನ್ನು ಲೆಕ್ಕದಿಂದಲೇ ಮುಗಿಸೋಣ. ಹೊರಗೆ 24 ಮಿ.ಮೀ, ಒಳಗೆ 19 ಮಿ.ಮೀ, ಉದ್ದ 75 ಮಿ.ಮೀ ಇರುವ ಕೊಳವೆ ತಾಮ್ರದ್ದಾದರೆ ಅದರ ರೆಸಿಸ್ಟೆನ್ಸ್ ಒಂದು ಓಮ್‌ನ ಹತ್ತು ಲಕ್ಷದಲ್ಲಿ ಏಳೆಂಟು ಭಾಗ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ನಲವತ್ತು ಪಟ್ಟು ಕೆಟ್ಟ ವಾಹಕ, ಆದರೂ ಅದೇ ಅಳತೆಯ ಕೊಳವೆಯಲ್ಲಿ ಮೂರನೇ ಒಂದು ಮಿಲಿಓಮ್ ಕೂಡ ಆಗುವುದಿಲ್ಲ. 20 ಆಂಪಿಯರ್ ಹರಿದರೂ ಕಳೆದುಹೋಗುವುದು ಆರೇಳು ಮಿಲಿವೋಲ್ಟ್. ಅದೇ ಕರೆಂಟಿಗೆ ಒಳಗಿನ ಸೆಲ್ಲು ತನ್ನದೇ ರೆಸಿಸ್ಟೆನ್ಸ್‌ನಿಂದ 0.3ರಿಂದ 0.4 ವೋಲ್ಟ್ ಕುಸಿಯುತ್ತದೆ. ಹಾಗಿದ್ದ ಮೇಲೆ ತಾಮ್ರದ ಕೊಳವೆಯಿಂದ ಆವಿಯ ಹೊಡೆತ ಜೋರಾಗುತ್ತದೆ ಎನ್ನುವ ಮಾತಿಗೆ ಆಧಾರವೆಲ್ಲಿ? ತಾಮ್ರ ಚೆಂದ ಕಾಣುತ್ತದೆ, ಕೈಗೆ ತೂಕ ಸಿಗುತ್ತದೆ, ಅದಕ್ಕಾಗಿ ಕೊಳ್ಳಿ.

ನಷ್ಟವಾಗುವುದು ಒಂದು ಲೋಹ ಇನ್ನೊಂದನ್ನು ಮುಟ್ಟುವ ಕಡೆ. ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಕಾಯಿಲ್ ಉರಿಯುತ್ತಿರುವಾಗ ಒಂದೊಂದು ಕೂಡುವ ಜಾಗದ ಎರಡೂ ಬದಿಗೆ ಪ್ರೋಬ್ ಇಟ್ಟು ನೋಡುತ್ತೇನೆ. ಕೊಳವೆಯ ಮೈ ಮೇಲೆ ಮೀಟರ್ ಅಲ್ಲಾಡುವುದೇ ಇಲ್ಲ. ಸ್ವಿಚ್ಚಿನ ಹತ್ತಿರ ಬಂದರೆ ಅಂಕಿ ಜಿಗಿಯುತ್ತದೆ. ಕೊಳೆ ಕೂತ ಒಂದು ಕಾಂಟ್ಯಾಕ್ಟ್ ಬರೀ 10 ಮಿಲಿಓಮ್ ತಡೆದರೂ 20 ಆಂಪಿಯರ್‌ನಲ್ಲಿ 0.2 ವೋಲ್ಟ್ ಹೋಯಿತು. ಅದು ಹಾಗೇ ಹೋಗುವುದಿಲ್ಲ, ಕಡಲೆಕಾಳಿನಷ್ಟು ಜಾಗದಲ್ಲಿ 4 ವ್ಯಾಟ್ ಶಾಖವಾಗಿ ಕೂರುತ್ತದೆ. ಬಟನ್ ಬಿಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಬೇರೆಲ್ಲೂ ಹುಡುಕುವುದಿಲ್ಲ.

ಹಾಗಾಗಿ ನನ್ನ ವಿನ್ಯಾಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸ್ವಿಚ್ಚೇ. ಬಳಸಿ ಹಳತಾದ ಸ್ವಿಚ್ಚಿನ ಕಾಂಟ್ಯಾಕ್ಟನ್ನು ಭೂತಗನ್ನಡಿಯಲ್ಲಿ ನೋಡಿ: ನಡುವೆ ಕಪ್ಪು ಮಚ್ಚೆ, ಅದರೊಳಗೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕುಳಿ. ಒತ್ತುವಾಗಲೂ ಬಿಡುವಾಗಲೂ ಹಾರುವ ಕಿಡಿ ಲೋಹವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿದ ಗುರುತು ಅದು. ತೆಳುವಾಗಿ ಬೆಳ್ಳಿ ಲೇಪಿಸಿದ್ದರೆ ಮೊದಲು ಹೋಗುವುದು ಆ ಲೇಪವೇ. ಅದಕ್ಕೇ ನಾನು ಕಾಂಟ್ಯಾಕ್ಟನ್ನು ಬಿಡಿ ತಿರುಪಿನಂತೆ ಮಾಡಿ ಕೂರಿಸುತ್ತೇನೆ. ಸವೆದರೆ ಅದೊಂದನ್ನು ಬಿಚ್ಚಿ ಬೇರೆ ಹಾಕಿದರಾಯಿತು. ಅದಕ್ಕೆ ಟೆಲ್ಲೂರಿಯಮ್ ತಾಮ್ರ ಬಳಸುತ್ತೇನೆ. ಶುದ್ಧ ತಾಮ್ರ ಟೂಲ್‌ಗೆ ಅಂಟಿಕೊಂಡು ಲೇತಿನಲ್ಲಿ ಕಾಟ ಕೊಡುತ್ತದೆ. ಅರ್ಧ ಶೇಕಡಾದಷ್ಟು ಟೆಲ್ಲೂರಿಯಮ್ ಸೇರಿದರೆ ಸಲೀಸಾಗಿ ಕಡೆಯಲು ಬರುತ್ತದೆ, ವಾಹಕತೆ ಶೇ 90ರ ಮೇಲೇ ಉಳಿಯುತ್ತದೆ.

ಕಾಂಟ್ಯಾಕ್ಟ್ ಅಗಲವಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಕಣ್ಣಿಗೆ ನುಣ್ಣಗೆ ಕಾಣುವ ಎರಡು ಮೇಲ್ಮೈಗಳು ನಿಜಕ್ಕೂ ಮುಟ್ಟುವುದು ಕೆಲವೇ ಚುಕ್ಕೆಗಳಲ್ಲಿ, ಆ ಚುಕ್ಕೆಗಳನ್ನು ಹಿಗ್ಗಿಸುವುದು ಒತ್ತಡ. ಅಗಲದ ಚಪ್ಪಟೆ ತಟ್ಟೆಗಿಂತ ಸ್ವಲ್ಪ ಗುಮ್ಮಟದಂತೆ ಉಬ್ಬಿದ ಸಣ್ಣ ತುದಿಯನ್ನು ಗಟ್ಟಿಯಾಗಿ ಒತ್ತಿದರೆ ಫಲಿತಾಂಶ ಸ್ಥಿರವಾಗಿರುತ್ತದೆ. ಕೊಳೆಯೂ ಬದಿಗೆ ಸರಿಯುತ್ತದೆ.

ಬಟನ್ ಹಿಂದೆ ಬರಲು ಸ್ಪ್ರಿಂಗೋ, ಮ್ಯಾಗ್ನೆಟ್ಟೋ? ಮ್ಯಾಗ್ನೆಟ್ ಇಟ್ಟರೆ ಬಟನ್ ಬೆಣ್ಣೆಯಂತೆ ಓಡುತ್ತದೆ, ಒಪ್ಪುತ್ತೇನೆ. ಆದರೆ ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಬಟನ್ನನ್ನು ದೂರ ತಳ್ಳಬೇಕಾದ ಮ್ಯಾಗ್ನೆಟ್ ಸೋತರೆ ಸ್ವಿಚ್ ಹಿಂದೆ ಬರುವುದಿಲ್ಲ, ಅಂದರೆ ಕಾಯಿಲ್ ಉರಿಯುತ್ತಲೇ ಇರುತ್ತದೆ. ನಾನು ಸ್ಪ್ರಿಂಗ್ ಪಕ್ಷ. ಷರತ್ತು ಒಂದೇ: ಸ್ಪ್ರಿಂಗ್ ಮೂಲಕ ಕರೆಂಟ್ ಹರಿಯಬಾರದು. ಹರಿದರೆ ಉಕ್ಕಿನ ತೆಳು ತಂತಿ ಕಾದು ಹದ ಕಳೆದುಕೊಂಡು ಕುಸಿದು ಕೂರುತ್ತದೆ.

ಥ್ರೆಡ್ಡಿನ ವಿಷಯಕ್ಕೆ ಬಂದರೆ, ಗೋಡೆ ದಪ್ಪವೇ 2.5 ಮಿ.ಮೀ. ಅದನ್ನು ಗಂಡು ಭಾಗ, ಹೆಣ್ಣು ಭಾಗ ಹಂಚಿಕೊಳ್ಳಬೇಕು. 1 ಮಿ.ಮೀ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ) ಹಾಕಿದರೆ ಆಳ 0.6 ಮಿ.ಮೀ ಆಗಿ ಗೋಡೆ ಸೊರಗುತ್ತದೆ, ಬಿದ್ದಾಗ ಅಲ್ಲೇ ಸೊಟ್ಟಗಾಗುತ್ತದೆ. 0.5 ಹಾಕಿದರೆ ಅವಸರದಲ್ಲಿ ತಿರುಗಿಸುವವರು ಅಡ್ಡ ಹತ್ತಿಸಿ ಹಾಳುಮಾಡುತ್ತಾರೆ. ನಾನು 0.75ಕ್ಕೆ ನಿಂತಿದ್ದೇನೆ. ಸ್ಟೀಲಿಗೆ ಸ್ಟೀಲ್, ತಾಮ್ರಕ್ಕೆ ತಾಮ್ರ ಉಜ್ಜಿದರೆ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಕೊಳವೆ ತಾಮ್ರದ್ದಾದರೆ ಮುಚ್ಚಳ ಹಿತ್ತಾಳೆಯದಿರಲಿ. ಇಲ್ಲೇ ಇನ್ನೊಂದು ಮಾತು: ಚೆನ್ನಾಗಿ ಕಡೆಯಲು ಬರುವ ಹಿತ್ತಾಳೆಯಲ್ಲಿ ಶೇ 3ರ ಹತ್ತಿರ ಸೀಸ ಇರುತ್ತದೆ. ತುಟಿಗೆ ತಾಗುವ ಭಾಗವನ್ನು ಅದರಲ್ಲಿ ಮಾಡಲೇಬಾರದು.

ಪಿನ್ನಿನ ಸುತ್ತ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನ ಬಳೆ ಹಾಕುವವರು ಹೆಚ್ಚು, ಏಕೆಂದರೆ ಅಗ್ಗ. ಅದು ಸುಮಾರು 175 ಡಿಗ್ರಿಯಲ್ಲಿ ಕರಗುತ್ತದೆ. ಪೀಕ್ ಎಂಬ ಇನ್ನೊಂದು ಪ್ಲಾಸ್ಟಿಕ್ ಕರಗುವುದು 343ಕ್ಕೆ. ಈ ಬಳೆ ಮೆತ್ತಗಾಗಿ ಪಿನ್ ವಾಲಿದರೆ ಪಾಸಿಟಿವ್ ಹೋಗಿ ಕೊಳವೆಗೆ ತಾಗುತ್ತದೆ. ಇಷ್ಟು ಸಣ್ಣ ಭಾಗದಲ್ಲಿ ದುಡ್ಡು ಉಳಿಸುವುದನ್ನು ನಾನು ಒಪ್ಪಲಾರೆ.

ಹೈಬ್ರಿಡ್ ಎಂಬ ಬಗೆಯಲ್ಲಿ ನಡುವಿನ ಪಿನ್ನೇ ಇರುವುದಿಲ್ಲ, ಅಟೊಮೈಸರ್‌ನ ಪಿನ್ ನೇರ ಸೆಲ್ಲಿನ ತಲೆ ಮುಟ್ಟುತ್ತದೆ. ಒಂದು ಕೂಡುವ ಜಾಗ ಕಡಿಮೆಯಾಗುವುದರಿಂದ ನಷ್ಟ ಕಡಿಮೆ. ಆದರೆ ಅಟೊಮೈಸರ್‌ನ ಪಿನ್ ಥ್ರೆಡ್ಡಿನ ಮಟ್ಟಕ್ಕಿಂತ ಕಣ್ಣಿಗೆ ಕಾಣುವಷ್ಟು ಹೊರಗೆ ಚಾಚಿರಬೇಕು. ಚಾಚದಿದ್ದರೆ ಸುತ್ತಲಿನ ಥ್ರೆಡ್ಡೇ ಪಾಸಿಟಿವ್ ಮುಟ್ಟಿ, ಬಟನ್ ಒತ್ತಿದ ಕ್ಷಣ ಕಾಯಿಲ್ ಇಲ್ಲದ ಪೂರ್ತಿ ಶಾರ್ಟ್. ಸೆಲ್ಲಿನ ಹೊದಿಕೆ ಹರಿದಿದ್ದರೂ ಅಪಾಯವೇ, ಏಕೆಂದರೆ ಸೆಲ್ಲಿನ ಇಡೀ ಡಬ್ಬಿ ನೆಗೆಟಿವ್, ತಲೆಯ ಅಂಚಿನವರೆಗೂ. ಪಾಸಿಟಿವ್‌ಗೂ ಅದಕ್ಕೂ ನಡುವೆ ಇರುವುದು ಒಂದು ತೆಳು ವಾಷರ್ ಮಾತ್ರ. ಹೊದಿಕೆಯಲ್ಲಿ ಉಗುರು ಗೀರಿದಷ್ಟು ಹರುಕು ಕಂಡರೂ ಸೆಲ್ಲನ್ನು ಬದಿಗಿಡಿ, ಹೊಸ ಹೊದಿಕೆ ಹಾಕಿದ ಮೇಲೆ ಬಳಸಿ.

ಕಾದ ಸೆಲ್ಲು ಅನಿಲ ಉಗುಳಿದರೆ ಹೋಗಲು ದಾರಿ ಬೇಕು. ತೂತುಗಳಿಲ್ಲದ, ಎರಡೂ ಕಡೆ ಬಿಗಿದ ಲೋಹದ ಕೊಳವೆ ಎಂದರೆ ಬಾಂಬೇ. 2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವೇಪ್ ಸಾಧನ ಸಿಡಿದು ಒಬ್ಬ ವ್ಯಕ್ತಿ ಸತ್ತ ಸುದ್ದಿ ಓದಿದಾಗಿನಿಂದ ತೂತುಗಳ ವಿಷಯದಲ್ಲಿ ನಾನು ಯಾರ ಅಂದಚೆಂದದ ವಾದವನ್ನೂ ಕೇಳುವುದಿಲ್ಲ. ತೂತುಗಳನ್ನು ತಳದಲ್ಲಷ್ಟೇ ಇಡದೆ ಪಕ್ಕದಲ್ಲೂ ಕೊರೆಯುತ್ತೇನೆ. ಮೇಜಿನ ಮೇಲೆ ನಿಲ್ಲಿಸಿದರೆ ತಳ ಮುಚ್ಚಿಹೋಗುತ್ತದಲ್ಲ. ಹಾಗೆ ನಿಲ್ಲಿಸಿದಾಗ ಒತ್ತಿಕೊಳ್ಳದಂತೆ ಬಟನ್ ಅಂಚಿಗಿಂತ ಒಳಗೆ ಕೂತಿರಬೇಕು, ಜೇಬಿಗೆ ಹಾಕುವ ಮುನ್ನ ಬಿಗಿಯಲು ಲಾಕ್ ಬಳೆಯೂ ಇರಬೇಕು.

ಕಾಯಿಲ್ ಲೆಕ್ಕ ಸರಳ. ತುಂಬಿದ ಸೆಲ್ 4.2 ವೋಲ್ಟ್; 0.5 ಓಮ್ ಕಾಯಿಲ್ ಎಳೆಯುವುದು 8.4 ಆಂಪಿಯರ್, 0.2 ಓಮ್ ಆದರೆ 21. ಸ್ಯಾಮ್‌ಸಂಗ್ 25ಆರ್‌ನಂಥ ಒಳ್ಳೆಯ ಸೆಲ್ಲಿಗೂ ಸತತವಾಗಿ ಕೊಡಬಹುದಾದದ್ದು 20. ನಾನು ಯಾರಿಗೂ 0.3ರ ಕೆಳಗೆ ಹೋಗಲು ಹೇಳುವುದಿಲ್ಲ.

ಆರೈಕೆ ದೊಡ್ಡ ಕೆಲಸವೇನಲ್ಲ. ಥ್ರೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕಪ್ಪಾದ ತಾಮ್ರಕ್ಕೆ ನಿಂಬೆಹುಳಿ ಕದಡಿದ ನೀರು ಸಾಕು. ಕಾಂಟ್ಯಾಕ್ಟಿಗೆ ಮಾತ್ರ ಪಾಲಿಶ್ ಪೇಸ್ಟ್ ಬೇಡ, ಅದರ ಪುಡಿ ಕುಳಿಗಳಲ್ಲಿ ಕೂತು ಹೊಸ ತಡೆಯಾಗುತ್ತದೆ. ತುದಿ ಕಪ್ಪಗಾದರೆ ಬಿಳಿ ಕಾಗದದ ಮೇಲೆ ಉಜ್ಜಿ ತೆಗೆಯಿರಿ. ಕುಳಿ ಉಗುರಿಗೆ ತಾಕುವಷ್ಟಾದರೆ ತಿರುಪನ್ನೇ ಬದಲಿಸಿ. ನಾನು ಕೊಡುವ ಪ್ರತಿ ಮಾಡ್ ಜೊತೆ ಬಿಡಿ ಕಾಂಟ್ಯಾಕ್ಟ್, ಒಂದು ಸ್ಪ್ರಿಂಗ್, ಒಂದು ಪೀಕ್ ಬಳೆ ಇಟ್ಟೇ ಕೊಡುತ್ತೇನೆ.