ಹಳೇ ಕತ್ತಿಯ ಮೇಲಿನ ಅಕ್ಷರ ಓದುವುದು ಹೇಗೆ?

ಅರ್ಥ ಹುಡುಕಲು ಆತುರಪಡಬೇಡಿ. ಯುರೋಪಿನ ಮಧ್ಯಯುಗದ ಕತ್ತಿ ಓದಬೇಕು ಅನ್ನುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ.

ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಕತ್ತಿಗೂ ಎರಡು ಸಾಲು. ಮೇಲಿನದರಲ್ಲಿ ಕಣ್ಣಿಗೆ ಕಂಡಿದ್ದು, ಪೆನ್ನಿನಲ್ಲಿ. ಕೆಳಗಿನದರಲ್ಲಿ ಊಹೆ, ಪೆನ್ಸಿಲ್ಲಿನಲ್ಲಿ. ಎರಡನ್ನೂ ಬೆರೆಸಬಾರದು.

ಫೋಟೊದಲ್ಲಿ ಬೆಳಕು ಓರೆಯಾಗಿ ಬಿದ್ದಿರಬೇಕು. ಅಕ್ಷರ ಮೂಡಿಸಲು ಕತ್ತಿಯಲ್ಲಿ ಕೂರಿಸಿದ ತಂತಿ ಉದುರಿಹೋಗಿದ್ದರೂ ಅದರ ಗೀರು ಆಗ ಕಾಣುತ್ತದೆ. ಸಾಮಾನ್ಯವಾಗಿ ಸಾಲಿನ ಶುರುವಿನಲ್ಲಿ ಒಂದು ಶಿಲುಬೆ ಇರುತ್ತದೆ, ಅಲ್ಲಿಂದ ಶುರು ಮಾಡಿ. ದುಂಡು ಬರವಣಿಗೆಯಲ್ಲಿ ‘ಸಿ’ ಮತ್ತು ‘ಇ’ ಒಂದೇ ಥರ ಕಾಣಬಹುದು. ಅನುಮಾನ ಬಂದರೆ ಸುತ್ತಲೂ ಗೆರೆ ಹಾಕಿ ಮುಂದೆ ಹೋಗಿ.

ಅಭ್ಯಾಸಕ್ಕೆ 9ರಿಂದ 11ನೇ ಶತಮಾನದ ‘ಉಲ್ಫ್‌ಬೆರ್ಟ್’ ಅಂತ ಬರೆದ ಕತ್ತಿಗಳು ಒಳ್ಳೆಯವು. ಅದೊಂದು ಹೆಸರು. ಮೊದಲ ಅಕ್ಷರ ‘ವಿ’ ಥರ ಇದೆ, ಓದುವುದು ‘ಯು’ ಅಂತ. ಆಗ ಎರಡಕ್ಕೂ ಒಂದೇ ಅಕ್ಷರ.

ಆಮೇಲೆ ಬ್ರಿಟಿಷ್ ಮ್ಯೂಸಿಯಂನ ವಿದಮ್ ಕತ್ತಿಗೆ ಬನ್ನಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಕತ್ತಿ ಇದು. 1825ರಲ್ಲಿ ಇಂಗ್ಲೆಂಡಿನ ವಿದಮ್ ನದಿಯಲ್ಲಿ ಸಿಕ್ಕಿತು. ಸುಮಾರು 1250ರಿಂದ 1330ರ ನಡುವಿನದು. ಚಿನ್ನದ ತಂತಿಯಲ್ಲಿ 18 ಅಕ್ಷರ: ಎನ್ ಡಿ ಎಕ್ಸ್ ಓ ಎಕ್ಸ್ ಸಿ ಎಚ್ ಡಬ್ಲ್ಯೂ ಡಿ ಆರ್ ಜಿ ಎಚ್ ಡಿ ಎಕ್ಸ್ ಓ ಆರ್ ವಿ ಐ. ಇದನ್ನು ಒಂದೇ ಪದ ಅಂದುಕೊಂಡರೆ ದಾರಿ ತಪ್ಪುತ್ತೀರಿ. ಪ್ರಾರ್ಥನೆಯ ಪದಗಳ ಮೊದಲಕ್ಷರಗಳು ಇರಬಹುದು ಅನ್ನುವುದೇ ಬಲವಾದ ಊಹೆ. ಕೆಲವು ಕತ್ತಿಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ‘ಇನ್ ನೋಮಿನೆ ದೋಮಿನಿ’, ಅಂದರೆ ‘ದೇವರ ಹೆಸರಿನಲ್ಲಿ’ ಅಂತ ಪೂರ್ತಿ ಬರೆದಿದ್ದಾರೆ. ಹಾಗಾಗಿ ಇಲ್ಲಿನ ‘ಎನ್ ಡಿ’ ಅದರ ಚಿಕ್ಕ ರೂಪ ಇರಬಹುದು ಅಲ್ವಾ? ‘ಎಕ್ಸ್’ ಕ್ರಿಸ್ತನ ಗುರುತು ಇರಬಹುದು, ಗ್ರೀಕಿನಲ್ಲಿ ಅವನ ಹೆಸರಿನ ಮೊದಲ ಅಕ್ಷರವಾದ ‘ಖಿ’ಯಿಂದ ಬಂದದ್ದು.

ಈಗ ಮರುಕಳಿಸುವ ಗುಂಪು ಹುಡುಕಿ. ‘ಡಿ ಎಕ್ಸ್ ಓ’ ಎರಡು ಸಲ ಬಂದಿದೆ. ಎರಡು ಕಡೆಯೂ ಹೊಂದುವ ಅರ್ಥ ಮಾತ್ರ ಇಟ್ಟುಕೊಳ್ಳಿ. ಬೇರೆ ಕತ್ತಿಗಳಲ್ಲೂ ಅದೇ ಗುಂಪು ಇದೆಯಾ ನೋಡಿ. ಒಂದೊಂದು ಅಕ್ಷರಕ್ಕೂ ಇಷ್ಟ ಬಂದ ಲ್ಯಾಟಿನ್ ಪದ ಕೊಟ್ಟರೆ ಯಾವ ಸಾಲಿನಿಂದಲೂ ಒಂದು ಪ್ರಾರ್ಥನೆ ಹುಟ್ಟಿಸಬಹುದು. ಅದನ್ನು ನಾನು ಓದು ಅಂತ ಒಪ್ಪುವುದಿಲ್ಲ. ವಿದಮ್ ಕತ್ತಿಯ ಪೂರ್ತಿ ಸಾಲಿಗೆ ಎಲ್ಲರೂ ಒಪ್ಪುವ ಓದು ಇನ್ನೂ ಸಿಕ್ಕಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಕೊನೆಯ ‘ಆರ್ ವಿ ಐ’ ಕೆಳಗೆ ಪೆನ್ಸಿಲ್ ಸಾಲು ಖಾಲಿಯೇ ಇದೆ.